ಹೊಟ್ಟೆಯ ಮೇಲಿನ ಫೋನ್ ಒಂದು ಮೊಳ ಆಚೆಗಿರಲಿ

ಅಕ್ಕನ ಮಗಳಿಗೆ ಈಗ ಏಳು ತುಂಬಿದೆ. ಸೀಮಂತದ ಮಾರನೇ ದಿನ ನೋಡಿದರೆ, ದಿವಾನದ ಮೇಲೆ ಒರಗಿಕೊಂಡು, ಹೊಟ್ಟೆಯನ್ನೇ ಸ್ಟ್ಯಾಂಡ್ ಮಾಡಿಕೊಂಡು ಫೋನ್ ನಿಲ್ಲಿಸಿದ್ದಳು. ಇನ್ನೂರು ಚಿಲ್ಲರೆ ಫೋಟೊ ಫ್ಯಾಮಿಲಿ ಗ್ರೂಪಿಗೆ ಒಂದೊಂದಾಗಿ ಹತ್ತುತ್ತಿದ್ದವು. ಫೋನಿನ ಬೆನ್ನು ಮುಟ್ಟಿದರೆ ದೋಸೆ ಹೆಂಚಿನಷ್ಟಲ್ಲದಿದ್ದರೂ ಚೆನ್ನಾಗೇ ಬಿಸಿ. ಅವಳ ಅತ್ತೆಗೆ ಇದರ ಚಿಂತೆಯಿಲ್ಲ. ಅವರ ಕಣ್ಣೆಲ್ಲ ಎದುರುಮನೆ ತಾರಸಿಯ ಟವರಿನ ಮೇಲೆ. "ಆ ಕಡೆ ಕಿಟಕಿ ತೆಗೀಬೇಡಮ್ಮ" ಅಂತ ಗ್ರಹಣದ ದಿನ ಹೇಳುವ ದನಿಯಲ್ಲೇ ಹೇಳಿದರು.

ಹೆದರುವುದೇ ಆದರೆ ಟವರಿಗಿಂತ ಮೊದಲು ಆ ಫೋನಿಗೆ ಹೆದರಬೇಕಿತ್ತು. ಅದೂ ಎಷ್ಟು ಬೇಕೋ ಅಷ್ಟೇ.

ಮೊಬೈಲ್, ವೈಫೈ, ಬ್ಲೂಟೂತ್ ಎಲ್ಲವೂ ಹೊರಡಿಸುವುದು ರೇಡಿಯೊ ತರಂಗಗಳನ್ನು. ಎಕ್ಸ್‌ರೇ ಹಾಗೆ ಅಣುಗಳಿಂದ ಎಲೆಕ್ಟ್ರಾನು ಕಿತ್ತು ಹಾಕುವ ಕಸುವು ಇವಕ್ಕಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಒಂದೇ: ಬಿಸಿ. ಇಡೀ ಮೈ ಕಿಲೊಗೆ 4 ವ್ಯಾಟ್‌ನಂತೆ ಅರ್ಧ ಗಂಟೆ ಹೀರಿಕೊಂಡರೆ ಸುಮಾರು 1 ಡಿಗ್ರಿ ಬಿಸಿಯೇರುತ್ತದೆ. ಜನಸಾಮಾನ್ಯರಿಗೆ ಇಟ್ಟಿರುವ ಅಂತರರಾಷ್ಟ್ರೀಯ ಮಿತಿ ಅದರ ಐವತ್ತನೇ ಒಂದು ಪಾಲು, 0.08 ವ್ಯಾಟ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಈ ತರಂಗಗಳನ್ನು 'ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇದೆ' ಎಂಬ 2ಬಿ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ.

ಗರ್ಭದ ವಿಷಯಕ್ಕೆ ಬಂದರೆ, 2008ರಲ್ಲಿ ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನ ಬಸುರಿನಲ್ಲಿ ಮೊಬೈಲ್ ಬಳಸಿದ ತಾಯಂದಿರ ಮಕ್ಕಳಲ್ಲಿ ವರ್ತನೆಯ ತೊಂದರೆ ತುಸು ಹೆಚ್ಚೆಂದಿತು. 2017ರಲ್ಲಿ ನಾರ್ವೆಯವರು ನೋಡಿದರೆ ಅಂಥ ಕೆಡುಕೇ ಸಿಗಲಿಲ್ಲ. ಉಲ್ಟಾ, ಫೋನ್ ಬಳಸಿದವರ ಮಕ್ಕಳಲ್ಲಿ ಮಾತು ತಡವಾಗುವುದು ಕಡಿಮೆ ಇತ್ತು. ಮಾತುಗಾರ ಅಮ್ಮಂದಿರ ಮಕ್ಕಳಿರಬೇಕು! ಕೂಸಿಗೆ ಹಾನಿ ಎಂದು ಸಾಬೀತಾಗಿಲ್ಲ. ಆದರೂ ಫ್ರಾನ್ಸ್ 2019ರ ಆದೇಶದಲ್ಲಿ, ಇಂಥ ಸಾಧನಗಳನ್ನು ಗರ್ಭಿಣಿಯರ ಹೊಟ್ಟೆಯಿಂದ ದೂರವಿಡಿ ಎಂಬ ಸೂಚನೆಯನ್ನು ಗ್ರಾಹಕರಿಗೆ ಕೊಡಲೇಬೇಕೆಂದಿತು. ನನಗೂ ಅದೇ ಸರಿ ಅನಿಸುತ್ತದೆ, ಕಾಸು ಖರ್ಚಿಲ್ಲದ ಎಚ್ಚರಿಕೆ.

ಮೊದಲು ಫೋನನ್ನು ಮೈಯಿಂದ ಇಳಿಸಿ

ನೈಟಿಯ ಜೇಬು, ಸೀರೆಯ ಸೊಂಟ, ರವಿಕೆಯ ಒಳಗೆ: ಫೋನ್ ಇಡುವ ಈ ಮೂರು ಜಾಗ ಬಿಡಿ. ದೂರ ದುಪ್ಪಟ್ಟಾದರೆ ತರಂಗದ ಬಿರುಸು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಹೊಟ್ಟೆಯಿಂದ ಒಂದು ಮೊಳ ಆಚೆಗಿನ ದಿಂಬಿಗೆ ಒರಗಿಸಿಟ್ಟರೇ ಬಹುಪಾಲು ಕೆಲಸ ಮುಗಿಯಿತು. ಕರೆ ಬಂದರೆ ಸ್ಪೀಕರ್ ಅಥವಾ ಇಯರ್‌ಫೋನ್. ಇಲ್ಲೇ ಎಲ್ಲರೂ ಎಡವುವುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಫೋನನ್ನು ತೊಡೆಯ ಮೇಲೋ ಹೊಟ್ಟೆಯ ಮೇಲೋ ಇಟ್ಟುಕೊಳ್ಳುತ್ತಾರೆ. ಕಿವಿಗೆ ತಪ್ಪಿದ್ದು ಕೂಸಿನ ಹತ್ತಿರ ಹೋಯಿತಷ್ಟೆ. ಬ್ಲೂಟೂತ್ ಇಯರ್‌ಫೋನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯವಾಗಿ ಅದರದ್ದು 2.5 ಮಿಲಿವ್ಯಾಟ್, 4ಜಿ ಫೋನಿನದ್ದು ಗರಿಷ್ಠ 200.

ಆಮೇಲೆ ಸಿಗ್ನಲ್ ಕಡ್ಡಿ ನೋಡಿ

ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗು ಹಾಕಬೇಕಾದರೆ ಗಂಟಲು ಹರಿದುಕೊಳ್ಳುತ್ತೇವೆ, ಪಕ್ಕದಲ್ಲಿದ್ದವರಿಗೆ ಪಿಸುಗುಟ್ಟಿದರೆ ಸಾಕು. ಫೋನೂ ಹಾಗೆಯೇ. ಟವರ್ ಹತ್ತಿರವಿದ್ದರೆ ಪಿಸುಗುಟ್ಟುತ್ತದೆ, ದೂರವಿದ್ದರೆ ಅರಚುತ್ತದೆ. ಎರಡರ ನಡುವೆ ನೂರಾರು ಪಟ್ಟು ವ್ಯತ್ಯಾಸವಿರಬಹುದು.

ನಮ್ಮಲ್ಲಿ ಇದಕ್ಕೊಂದು ಸ್ವಾರಸ್ಯವಿದೆ. ಮೊದಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಆ ತವರು ತೀರ್ಥಹಳ್ಳಿಯ ಕಡೆಯೋ ಶೃಂಗೇರಿಯ ಕಡೆಯೋ ಆದರೆ, ನಡುಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್. ಬೆಂಗಳೂರಿನ ಟವರ್ ತಪ್ಪಿತು ಎಂದು ನಿಟ್ಟುಸಿರು ಬಿಟ್ಟವಳ ಫೋನು ಇಲ್ಲಿ ಪೂರ್ತಿ ಬಲ ಹಾಕಿ ಕೂಗುತ್ತಿರುತ್ತದೆ, ಹಳೆಯ 2ಜಿಗೆ ಇಳಿದರಂತೂ ಒಂದೊಂದು ಮಿಡಿತವೂ 2 ವ್ಯಾಟ್‌ವರೆಗೆ ಹೋದೀತು. ಹಾಗಾಗಿ ಅಂಗಳದಲ್ಲಿ ಎಲ್ಲಿ ಕಡ್ಡಿ ಹೆಚ್ಚು ಸಿಗುತ್ತದೋ ಅಲ್ಲೊಂದು ಕುರ್ಚಿ ಹಾಕಿಕೊಳ್ಳಿ. ಗಂಡನ ಜೊತೆ ಗಂಟೆಗಟ್ಟಲೆ ಮಾತೆಲ್ಲ ಅಲ್ಲೇ ಆಗಲಿ. ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಓಡುವ ಬಸ್ಸು, ರೈಲು, ಲಿಫ್ಟಿನಲ್ಲಿ ಚುಟುಕಾಗಿ ಮುಗಿಸಿ.

ಟವರ್ ಕಿತ್ತು ಹಾಕಿಸಿದರೆ ಬೀದಿಯ ಫೋನುಗಳೆಲ್ಲ ಜೋರಾಗಿ ಅರಚತೊಡಗುತ್ತವೆ ಎಂದು ಅತ್ತೆಗೆ ಹೇಳಿದೆ. ನಂಬಲಿಲ್ಲ. ನಂಬದವರಿಗೆ ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಜಾಲತಾಣ 2017ರಿಂದ ಇದೆ. ನಿಮ್ಮ ಬೀದಿಯ ಟವರ್ ಮಿತಿಯೊಳಗಿದೆಯೇ ಎಂದು ನೋಡಬಹುದು, ಶುಲ್ಕ ಕಟ್ಟಿದರೆ ಅಳೆಸಲೂಬಹುದು.

ಕಳಿಸುವಾಗ ಎಚ್ಚರ, ನೋಡುವಾಗ ನಿರಾಳ

ಫೋನು ತರಂಗ ಹೊರಡಿಸುವುದು ಮುಖ್ಯವಾಗಿ ಕಳಿಸುವಾಗ: ವಿಡಿಯೊ ಕಾಲ್, ಫೋಟೊ ಅಪ್‌ಲೋಡ್. ಸೀಮಂತದ ಆಲ್ಬಂ ಕಳಿಸುವುದಿದ್ದರೆ ಒತ್ತಿ ಮೇಜಿನ ಮೇಲಿಟ್ಟು ಎದ್ದು ಹೋಗಿ. ಸಿನಿಮಾ ನೋಡುವುದಿದ್ದರೆ ಮೊದಲೇ ಡೌನ್‌ಲೋಡ್ ಮಾಡಿ ಫ್ಲೈಟ್ ಮೋಡಿಗೆ ಹಾಕಿದರಾಯಿತು.

ಲ್ಯಾಪ್‌ಟಾಪ್ ತೊಡೆಯ ಮೇಲೆ ಬೇಡ. ತರಂಗಕ್ಕಿಂತ ಅದರ ಬಿಸಿಯೇ ತೊಂದರೆ, ದಿನಾ ಹಾಗೇ ಇಟ್ಟುಕೊಂಡರೆ ಚರ್ಮ ಬಲೆಬಲೆಯಾಗಿ ಕಪ್ಪಗಾಗುತ್ತದೆ. ಇಂಡಕ್ಷನ್ ಒಲೆ ವೈರ್‌ಲೆಸ್ ಅಲ್ಲ, ಆದರೆ ಹೊಟ್ಟೆ ಕಟ್ಟೆಗೆ ತಾಗುವ ತಿಂಗಳಲ್ಲಿ ಕೇಳುವವರಿದ್ದಾರೆ. ಒಲೆಯ ವೃತ್ತ ಮುಚ್ಚುವಷ್ಟು ಅಗಲದ ಪಾತ್ರೆ ಇಟ್ಟು ಒಂದು ಗೇಣು ಹಿಂದೆ ನಿಂತರೆ ಸಾಕು.

ದುಡ್ಡು ಕೊಟ್ಟು ಏನೂ ಕೊಳ್ಳಬೇಡಿ

ವಿಕಿರಣ ತಡೆಯುವ ಸ್ಟಿಕರ್, ಲಾಕೆಟ್, ಚಿಪ್ ಎಲ್ಲ ಮಾರುಕಟ್ಟೆಯಲ್ಲಿವೆ. 2020ರಲ್ಲಿ, ಗೋವುಗಳಿಗಾಗಿ ಕೇಂದ್ರ ಸರ್ಕಾರ ರಚಿಸಿದ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಸೆಗಣಿಯ ಚಿಪ್ ತೋರಿಸಿ ಮೊಬೈಲ್ ವಿಕಿರಣ ತಗ್ಗುತ್ತದೆ ಎಂದರು, ನೂರಾರು ವಿಜ್ಞಾನಿಗಳು ಪುರಾವೆ ಎಲ್ಲಿ ಎಂದು ಕೇಳಿದರು. ಸೆಗಣಿ ಅಂಗಳಕ್ಕೆ ಒಳ್ಳೆಯದು, ಫೋನಿಗಲ್ಲ. ಆಂಟೆನಾಕ್ಕೆ ನಿಜವಾಗಿ ಅಡ್ಡ ಬರುವ ಕವರ್ ಹಾಕಿದರೆ ಫೋನು ಇನ್ನೂ ಜೋರಾಗಿ ಕೂಗಬೇಕಾಗುತ್ತದೆ.

*#07# ಒತ್ತಿದರೆ ಬಹಳಷ್ಟು ಫೋನುಗಳು ತಮ್ಮ ಎಸ್‌ಎಆರ್ ಅಂಕಿ, ಅಂದರೆ ಮೈ ಎಷ್ಟು ತರಂಗ ಹೀರಿಕೊಳ್ಳುತ್ತದೆ ಎಂಬ ಲೆಕ್ಕ, ತೋರಿಸುತ್ತವೆ. 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಮಿತಿ ಕಿಲೊಗೆ 1.6 ವ್ಯಾಟ್. ಮೇಲೆ ಹೇಳಿದ 0.08 ಇಡೀ ಮೈಯ ಸರಾಸರಿ, ಇದು ಫೋನು ತಾಗುವ ಕಡೆಯ ಒಂದು ಗ್ರಾಂ ಮೈಯ ಲೆಕ್ಕ. ಅದರೊಳಗಿದ್ದರೆ ಆಯಿತು. ಅದು ಫೋನು ಪೂರ್ತಿ ಬಲದಲ್ಲಿದ್ದಾಗಿನ ಅಳತೆ, 0.9 ಒಳ್ಳೆಯದೋ 1.1 ಒಳ್ಳೆಯದೋ ಎಂದು ಫೋನ್ ಬದಲಿಸುವುದು ವ್ಯರ್ಥ.

ರಾತ್ರಿ

ದಿಂಬಿನಡಿ ಬೇಡ. ವೈಫೈ ಪೆಟ್ಟಿಗೆ ತಲೆದೆಸೆಯ ಗೋಡೆಗಿದ್ದರೆ ಹಾಲಿಗೆ ಸಾಗಿಸಿ. ಬೇರೆಡೆ ಇದ್ದರೆ ರಾತ್ರಿ ಆರಿಸಿದರೂ ಒಂದೇ, ಬಿಟ್ಟರೂ ಒಂದೇ. ಒಂದು ಎಚ್ಚರಿಕೆ ಮಾತ್ರ: ಎಂಟು ತುಂಬಿದ ಮೇಲೆ ತರಂಗದ ಭಯಕ್ಕೆ ಫೋನ್ ಆಫ್ ಮಾಡಿ ಮಲಗುವುದು ಬೇಡವೇ ಬೇಡ. ನಡುರಾತ್ರಿ ನೋವು ಕಾಣಿಸಿಕೊಂಡರೆ 108ಕ್ಕೆ ಕರೆ ಹೋಗಬೇಕು, ಆಂಬುಲೆನ್ಸಿನವರು ದಾರಿ ಕೇಳಿ ವಾಪಸ್ ಮಾಡಿದಾಗ ರಿಂಗಾಗಬೇಕು. ಮಂಚದಿಂದ ನಾಲ್ಕಡಿ ಆಚೆ, ಚಾರ್ಜ್ ತುಂಬಿಸಿ, ತಾಯಿ ಕಾರ್ಡಿನ ಪಕ್ಕದಲ್ಲೇ ಇಟ್ಟಿರಿ.