ತೂಕ ಇಳಿಸುವ ಲ್ಯಾಪರೊಸ್ಕೋಪಿ: ಅರಿವಳಿಕೆ ಯಾವುದಿರಲಿ, ಕಿಡ್ನಿ ಕಾಯುವುದು ಹೇಗೆ

ತೂಕ ಇಳಿಸಲು ಸಣ್ಣ ರಂಧ್ರಗಳ ಮೂಲಕ (ಲ್ಯಾಪರೊಸ್ಕೋಪಿ) ಮಾಡುವ ಸ್ಲೀವ್ (ಜಠರ ಕಿರಿದಾಗಿಸುವ) ಅಥವಾ ಬೈಪಾಸ್ (ಜಠರ, ಕರುಳಿನ ದಾರಿ ಬದಲಿಸುವ) ಸರ್ಜರಿಗೆ ಹೊರಟವರು ಯಾವ ಅರಿವಳಿಕೆ ಕಿಡ್ನಿಗೆ ಒಳ್ಳೆಯದೆಂದು ಕೇಳುತ್ತಾರೆ. ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್, ಡೆಸ್‌ಫ್ಲುರೇನ್, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಡ್ರಿಪ್, ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಸೆವೊಫ್ಲುರೇನ್‌ನಿಂದ ಹುಟ್ಟುವ ‘ಕಾಂಪೌಂಡ್ ಎ’ ಎಂಬ ರಾಸಾಯನಿಕ ಇಲಿಗಳ ಕಿಡ್ನಿಗೆ ಹಾನಿ ಮಾಡಿದ್ದು ನಿಜ. ಮನುಷ್ಯರಲ್ಲಿ ವಾಡಿಕೆಯ ಬಳಕೆಯಲ್ಲಿ ಅಂಥ ಹಾನಿ ಕಂಡುಬಂದಿಲ್ಲ. ನಿಮ್ಮ ಚಿಂತೆ ಬೇರೆ ಕಡೆ ಇರಲಿ.

ಮೊದಲನೆಯದು ಗ್ಯಾಸಿನ ಒತ್ತಡ. ಹೊಟ್ಟೆ ಉಬ್ಬಿಸಲು ತುಂಬುವ ಕಾರ್ಬನ್ ಡೈಆಕ್ಸೈಡ್ ಸಾಮಾನ್ಯವಾಗಿ 12ರಿಂದ 15 ಎಂಎಂ ಪಾದರಸದಷ್ಟಿರುತ್ತದೆ. ಅದು ಕಿಡ್ನಿಯನ್ನೂ ಅದರ ರಕ್ತನಾಳಗಳನ್ನೂ ಅದುಮುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಗ್ಯಾಸ್ ತೆಗೆದ ಮೇಲೆ ಬಹುಪಾಲು ಸರಿಹೋಗುತ್ತದೆ. ಹಾಗಾಗಿ ಆಪರೇಷನ್ ನಡುವೆ ಮೂತ್ರ ಕಡಿಮೆ ಎಂಬ ಒಂದೇ ಕಾರಣಕ್ಕೆ ಲೀಟರ್‌ಗಟ್ಟಲೆ ಡ್ರಿಪ್ ಸುರಿಯುವುದು ತಪ್ಪು. ಸ್ನಾಯುಗಳು ಚೆನ್ನಾಗಿ ಸಡಿಲವಾಗಿದ್ದರೆ ಕಡಿಮೆ ಒತ್ತಡದಲ್ಲೂ ಕೆಲಸ ಸಾಗುತ್ತದೆ. ಎರಡನೆಯದು ಬಿಪಿ. ತಲೆ ಎತ್ತರಿಸಿ ಮಲಗಿಸುವುದರಿಂದ ಅದು ಇಳಿಯುತ್ತದೆ. ಸರಾಸರಿ ಬಿಪಿ (ಮೇಲಿನ, ಕೆಳಗಿನ ಅಂಕಿಗಳಿಂದ ಲೆಕ್ಕ ಹಾಕಿದ್ದು) 65ಕ್ಕಿಂತ ಕೆಳಗೆ ಹೋಗಲು ಬಿಡಬಾರದು, ಹಳೆಯ ಬಿಪಿ ರೋಗಿಗಳಿಗೆ ಇನ್ನೂ ಹೆಚ್ಚು ಬೇಕಾಗಬಹುದು.

ಅರಿವಳಿಕೆ ತಪಾಸಣೆಗೆ ಹೋಗುವಾಗ ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ವರದಿ ಜೊತೆಗಿರಲಿ. ಮಾತ್ರೆಗಳ ಪಟ್ಟಿ ಪೂರ್ತಿ ಕೊಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆಗಳನ್ನು ಸಾಮಾನ್ಯವಾಗಿ 24 ಗಂಟೆ ಮೊದಲು ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆಗಳಾದ ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಕನಿಷ್ಠ 3 ದಿನ ಮೊದಲೇ ನಿಲ್ಲಬೇಕು; ಆಪರೇಷನ್‌ಗೆ ಮುಂಚಿನ ದ್ರವಾಹಾರ ಶುರುವಾದರೆ ಇನ್ನೂ ಬೇಗ, ಇಲ್ಲದಿದ್ದರೆ ಸಕ್ಕರೆ ಸರಿಯಿದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ನಿಲ್ಲಿಸುವುದು ವೈದ್ಯರು ಹೇಳಿದ ಮೇಲೆಯೇ. ಮಂಡಿನೋವಿಗೆ ನುಂಗುವ ಡೈಕ್ಲೊಫೆನಾಕ್ ಬಗ್ಗೆ ಹೇಳಲು ಅನೇಕರು ಮರೆಯುತ್ತಾರೆ. ಕಿಡ್ನಿಗೆ ಅದೂ ದೊಡ್ಡ ಶತ್ರು.

ಕಿಡ್ನಿ ಈಗಾಗಲೇ ದುರ್ಬಲವಾಗಿದ್ದರೆ ಅರಿವಳಿಕೆಯ ಜೊತೆಗೆ ಕೊಡುವ ಔಷಧಗಳ ಆಯ್ಕೆ ಮುಖ್ಯವಾಗುತ್ತದೆ. ನೋವು ತಗ್ಗಿಸುವ ಮಾರ್ಫಿನ್‌ನ ಉಳಿಕೆ ದೇಹದಲ್ಲಿ ಸೇರಿಕೊಂಡು ಉಸಿರಾಟ ಕುಗ್ಗಿಸುತ್ತದೆ, ಫೆಂಟನಿಲ್ ಮೇಲು. ಸ್ನಾಯು ಸಡಿಲಿಸಲು ದೇಹದಿಂದ ಹೊರಹೋಗಲು ಕಿಡ್ನಿಯನ್ನು ಅವಲಂಬಿಸದ ಸಿಸಾಟ್ರಾಕ್ಯೂರಿಯಂ ಉಂಟು.

ತುಂಬಾ ತೂಕವಿರುವವರಲ್ಲಿ ಆಪರೇಷನ್ ಹಲವು ಗಂಟೆ ಎಳೆದರೆ ಪೃಷ್ಠದ ಸ್ನಾಯು ಒತ್ತಡಕ್ಕೆ ಸಿಕ್ಕಿ ಹಾಳಾಗಬಹುದು. ಅದರಿಂದ ಸೋರುವ ಮಯೊಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ಕಿಡ್ನಿಯನ್ನು ಕೆಡಿಸುತ್ತದೆ. ಮೆತ್ತನೆಯ ಹಾಸು ಹಾಕಿಸಲು ಮೊದಲೇ ಕೇಳಿ. ಎಚ್ಚರವಾದ ಮೇಲೆ ಪೃಷ್ಠದಲ್ಲಿ ಗಟ್ಟಿ ನೋವು, ಡಿಕಾಕ್ಷನ್ ಬಣ್ಣದ ಮೂತ್ರ ಕಂಡರೆ ತಡಮಾಡದೆ ಹೇಳಿ, ಸ್ನಾಯುವಿನ ಹಾನಿ ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಿಸಿ.

ಮರುದಿನ ಕ್ರಿಯಾಟಿನಿನ್ ನೋಡಲೇಬೇಕು. 48 ಗಂಟೆಯೊಳಗೆ ಡೆಸಿಲೀಟರ್‌ಗೆ 0.3 ಮಿಗ್ರಾಂ ಏರಿದರೂ ಅದು ಕಿಡ್ನಿ ಪೆಟ್ಟೇ. ನೋವಿಗೆ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಬೈಪಾಸ್ ಆದವರಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂದೆಂದೂ ಬೇಡ, ಹೊಟ್ಟೆಯಲ್ಲಿ ಹುಣ್ಣೂ ಆಗಬಹುದು. ಮನೆಗೆ ಬಂದ ಮೇಲೆ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ಗುರಿಯಿಟ್ಟು ಕುಡಿಯಿರಿ. ವಾಂತಿಯಾಗಿ ನೀರು ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಗಳನ್ನು ಹಳೆಯ ಪ್ರಮಾಣದಲ್ಲೇ ಮತ್ತೆ ಶುರುಮಾಡಬೇಡಿ. ತೂಕ ಇಳಿದಂತೆ ಬಿಪಿಯೂ ಇಳಿಯುತ್ತದೆ.