ಜೀನು ಕಂಡರೆ ಕಿವಿ ಮಡಚುವ ಹೆಣ್ಣುಕುದುರೆ: ಅಂಡಾಶಯದ ತೊಂದರೆ ಗುರುತಿಸುವುದು ಹೇಗೆ, ನೋಡಿಕೊಳ್ಳುವುದು ಹೇಗೆ

ಯಲಹಂಕದ ಆಚೆ ಇರುವ ನಮ್ಮ ಲಾಯದ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿದ್ದೇನೆ. ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲಿ ಕೆಂಪು ಪೆನ್ನಿನ ಚುಕ್ಕಿಗಳಿವೆ. ನನ್ನ ಹೆಣ್ಣುಕುದುರೆ ತುಂಗೆ ಬೆದೆಗೆ ಬಂದ ದಿನಗಳು ಅವು. ಹೆಣ್ಣುಕುದುರೆ ಸಾಕುವವರು ಔಷಧಿಗಿಂತ ಮೊದಲು ಇಂಥದೊಂದು ಕ್ಯಾಲೆಂಡರ್ ತನ್ನಿ. ನಾನು ತಂದದ್ದು ಎರಡು ವರ್ಷ ತಡವಾಗಿ. ಆ ಎರಡು ವರ್ಷ ನೋವು ತಿಂದವಳು ತುಂಗೆ.

ರೇಸ್‌ಕೋರ್ಸಿನಲ್ಲಿ ಓಟ ಮುಗಿಸಿ ಬಂದ ಥರೋಬ್ರೆಡ್ ಎಂಬ ಓಟದ ತಳಿಯವಳು ಅವಳು. ನನ್ನ ಹತ್ತಿರ ಬಂದಾಗ ಏಳು ವರ್ಷ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚುತ್ತಿದ್ದಳು, ಹಿಮ್ಮಡಿ ತಾಗಿಸಿದರೆ ಬಾಲ ಬೀಸುತ್ತಿದ್ದಳು, ಕ್ಯಾಂಟರ್‌ಗೆ, ಅಂದರೆ ಹದವಾದ ಓಟಕ್ಕೆ, ಎಬ್ಬಿಸಿದರೆ ಹಿಂಗಾಲು ಝಾಡಿಸುತ್ತಿದ್ದಳು. ಆಗ ತರಬೇತಿ ಕೊಡುತ್ತಿದ್ದವರು, "ಹೆಣ್ಣುಕುದುರೆ ಅಂದ್ರೆ ಹಂಗೇ ಮೇಡಂ, ಎರಡು ಬಿಗಿದ್ರೆ ಸರಿಹೋಗ್ತಾಳೆ" ಅಂದರು. ನಾನೂ ನಂಬಿದೆ. ಇವತ್ತು ಯಾರಾದರೂ ಹಾಗೆ ಅಂದರೆ ಲಗಾಮು ಅವರ ಕೈಯಿಂದ ತೆಗೆದುಕೊಂಡುಬಿಡುತ್ತೇನೆ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಕುದುರೆಯ ಋತುಚಕ್ರ ಸುಮಾರು 21 ದಿನ. ಅದರಲ್ಲಿ ಬೆದೆ ಐದರಿಂದ ಏಳು ದಿನ. ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವ ಒಂದೆರಡು ದಿನ ಮೊದಲು. ಬೆದೆಯಲ್ಲಿರುವ ಕುದುರೆ ಹಿಂಗಾಲು ಅಗಲಿಸಿ, ಬಾಲ ಪಕ್ಕಕ್ಕೆತ್ತಿ, ಸ್ವಲ್ಪಸ್ವಲ್ಪವೇ ಮೂತ್ರ ಬಿಡುತ್ತಾಳೆ, ಯೋನಿದ್ವಾರವನ್ನು ಮಿಟುಕಿಸುತ್ತಾಳೆ. ಹಗಲು ಉದ್ದವಾದಾಗ ಈ ಚಕ್ರ ಶುರು, ಚಳಿಗಾಲದಲ್ಲಿ ಬಂದ್ ಅಂತ ವಿದೇಶಿ ಪುಸ್ತಕಗಳಲ್ಲಿರುತ್ತದೆ. ಬೆಂಗಳೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ನಮ್ಮ ಲಾಯದಲ್ಲಿ ಧನುರ್ಮಾಸದಲ್ಲೂ ಬೆದೆಗೆ ಬರುವವರಿದ್ದಾರೆ. ಹಾಗಾಗಿ ಪುಸ್ತಕದ ಋತು ನಂಬಿ ಕೂರಬೇಡಿ, ನಿಮ್ಮ ಕುದುರೆಯದನ್ನು ಬರೆದಿಡಿ.

ಬೆದೆಯ ದಿನಕ್ಕೆ ಕೆಂಪು ಚುಕ್ಕಿ, ಒದ್ದ, ಕಚ್ಚಿದ, ಕೆಲಸಕ್ಕೆ ಒಲ್ಲೆನೆಂದ ದಿನಕ್ಕೆ ನೀಲಿ ಚುಕ್ಕಿ. ಕಡೇಪಕ್ಷ ಮೂರು ಚಕ್ರ ಹೀಗೆ ಬರೆಯಿರಿ. ಕೆಂಪು, ನೀಲಿ ಒಟ್ಟೊಟ್ಟಿಗೇ ಬಿದ್ದರೆ ಅಂಡಾಶಯದ ಕಡೆ ನೋಡಿ. ಕೆಂಪು ತನ್ನ ಲೆಕ್ಕದಲ್ಲೇ ಬೀಳುತ್ತಿದ್ದು, ನೀಲಿ ತಿಂಗಳಿಡೀ ಹರಡಿದ್ದರೆ ಬೇರೆ ಕಡೆ ಹುಡುಕಿ: ಹೊಟ್ಟೆಯ ಹುಣ್ಣು, ಬೆನ್ನುನೋವು, ಹೊಂದದ ಜೀನು, ಹಿಂಗಾಲಿನ ಕುಂಟು, ಮೂತ್ರದ ಸೋಂಕು. ತಪ್ಪೇ ಮಾಡದ ಅಂಡಾಶಯದ ಮೇಲೆ ದೂರು ಹೊರಿಸುವುದು ಲಾಯಗಳಲ್ಲಿ ದಿನಾ ನಡೆಯುವ ಕಥೆ. ಅಷ್ಟರಲ್ಲಿ ಅಸಲಿ ನೋವು ಬಲಿಯುತ್ತಿರುತ್ತದೆ.

ಅಂಡಾಶಯ ಇರುವುದು ಸೊಂಟದ ಕೆಳಗೆ, ಜೀನಿನ ಹಿಂತುದಿಗೆ ಹತ್ತಿರ, ಪೊರೆಯೊಂದರಿಂದ ಜೋತುಬಿದ್ದುಕೊಂಡು. ಅಂಡ ಬಿಡುವ ಹೊತ್ತಿಗೆ ಅದರೊಳಗೆ ಅಂಡ ಹೊತ್ತ ನೀರುಚೀಲ (ಫಾಲಿಕಲ್) 35ರಿಂದ 45 ಮಿಲಿಮೀಟರ್‌ವರೆಗೆ ಉಬ್ಬಿರುತ್ತದೆ, ಅಂದರೆ ಒಳ್ಳೆ ಗಾತ್ರದ ನಿಂಬೆಹಣ್ಣಿನಷ್ಟು. ಕೆಲವು ಕುದುರೆಗಳಿಗೆ ಆ ಒಂದೆರಡು ದಿನ ನಿಜವಾಗಿ ನೋವಿರುತ್ತದೆ. ಆಗ ಜಿಗಿತ, ಗಟ್ಟಿ ಕೂತು ಮಾಡಿಸುವ ಕೆಲಸ ಬಿಡಿ. ಕೈಯಲ್ಲಿ ಹಿಡಿದು ನಡೆಸಿ, ಬಯಲಿಗೆ ಬಿಡಿ. ನೋವಿನ ಔಷಧಿ ಬೇಕಾದರೆ ಡಾಕ್ಟರು ಹೇಳಿದಷ್ಟೇ ಕೊಡಿ.

ಪ್ರತಿ ಚಕ್ರದಲ್ಲೂ ಹೀಗೇ ಆದರೆ ಡಾಕ್ಟರು ಆಲ್ಟ್ರೆನೋಜೆಸ್ಟ್ ಎಂಬ ಹಾರ್ಮೋನು ಬರೆಯಬಹುದು. ದಿನಕ್ಕೊಮ್ಮೆ ಬಾಯಿಗೆ, ದೇಹದ ತೂಕದ ಪ್ರತಿ ಕಿಲೋಗೆ 0.044 ಮಿಲಿಗ್ರಾಂ. 450 ಕಿಲೋ ಕುದುರೆಗೆ ಸುಮಾರು 20 ಮಿಲಿಗ್ರಾಂ ಆಯಿತು. ಎರಡು ಮೂರು ದಿನದಲ್ಲಿ ಬೆದೆ ಅಡಗುತ್ತದೆ. ಇದು ಒಂದು ಪರೀಕ್ಷೆಯೂ ಹೌದು. ಬೆದೆ ನಿಂತ ಮೇಲೂ ಅವಳು ಒದೆಯುತ್ತಿದ್ದರೆ ಕಾರಣ ಆ ಚಕ್ರವಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ: ಈ ಔಷಧಿ ಚರ್ಮದ ಮೂಲಕ ನಮ್ಮ ಮೈಗೂ ಇಳಿಯುತ್ತದೆ, ಹೆಂಗಸರ ಮುಟ್ಟಿನ ಲೆಕ್ಕ ತಪ್ಪಿಸುತ್ತದೆ. ಬಸುರಿಯರು ಮುಟ್ಟಲೇಬಾರದು. ಕೊಡುವವರು ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಲೇಬೇಕು. ಸ್ಪರ್ಧೆಗೆ ಹೋಗುವವರು ನಿಯಮ ಕೇಳಿಕೊಂಡೇ ಶುರುಮಾಡಿ. ಗರ್ಭಕೋಶದೊಳಗೆ ಗಾಜಿನ ಗೋಲಿ ಇಡಿಸುವ ಹಳೆಯ ಉಪಾಯವನ್ನು ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಎಲ್ಲರಲ್ಲೂ ಕೆಲಸ ಮಾಡುವುದಿಲ್ಲ, ಒಳಗೇ ಒಡೆದದ್ದೂ ಇದೆ.

ತುಂಗೆಯ ಕ್ಯಾಲೆಂಡರ್ ಮೊದಲು 21, 22, 21 ಅಂತ ನಡೆದು ಆಮೇಲೆ ಖಾಲಿಯಾಯಿತು. ಎರಡು ತಿಂಗಳು ಒಂದೂ ಕೆಂಪು ಚುಕ್ಕಿ ಇಲ್ಲ, ನೀಲಿ ಮಾತ್ರ ದಿನಾ. ಒಂದು ಬೆಳಿಗ್ಗೆ ಕುದುರೆಮಸಾಲೆ ಸೊಪ್ಪು ಹಾಕುತ್ತಿದ್ದ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವನು) ಕೂಗಿದ: "ಮೇಡಂ, ಇವ್ಳು ಗಂಡ್ಕುದ್ರೆ ಥರ ಲದ್ದಿ ಮೂಸ್ತಾವ್ಳೆ ನೋಡಿ." ಹೋಗಿ ನೋಡಿದೆ. ಲದ್ದಿ ಮೂಸಿದಳು, ಮೇಲ್ತುಟಿ ಸುರುಳಿ ಮಾಡಿ ಕತ್ತೆತ್ತಿ ನಿಂತಳು, ಆಮೇಲೆ ಕತ್ತು ಕೊಂಕಿಸಿ ಪಕ್ಕದ ಕುದುರೆಯ ಮೇಲೆ ನುಗ್ಗಿದಳು. ಅವಳ ಕತ್ತು ದಪ್ಪಗಾಗಿರುವುದು ನನ್ನ ಕಣ್ಣಿಗೆ ಬಿದ್ದದ್ದೇ ಆಗ.

ಡಾಕ್ಟರು ಗುದದ್ವಾರದಿಂದ ಕೈಹಾಕಿ ನೋಡಿ, ಸ್ಕ್ಯಾನ್ ಪರದೆ ನನ್ನ ಕಡೆ ತಿರುಗಿಸಿದರು. ಎಡ ಅಂಡಾಶಯ ಚಿಕ್ಕ ಕರಬೂಜದಷ್ಟಿತ್ತು, ಒಳಗೆಲ್ಲ ಜೇನುಗೂಡಿನಂತೆ ಕಪ್ಪು ತೂತುಗಳು. ಬಲಗಡೆಯದು ಬೆಟ್ಟದ ನೆಲ್ಲಿಕಾಯಿಯಷ್ಟಕ್ಕೆ ಮುದುಡಿತ್ತು. ಗ್ರಾನ್ಯುಲೋಸಾ ಕೋಶದ ಗೆಡ್ಡೆ, ಅಂದರೆ ಅಂಡವನ್ನು ಸುತ್ತುವರಿದ ಜೀವಕೋಶಗಳಿಂದ ಬೆಳೆಯುವ ಗೆಡ್ಡೆ ಎಂದರು. ಹೆಣ್ಣುಕುದುರೆಯ ಅಂಡಾಶಯದಲ್ಲಿ ಹೆಚ್ಚಾಗಿ ಕಾಣುವ ಗೆಡ್ಡೆ ಇದೇ. ಸಾಮಾನ್ಯವಾಗಿ ಒಂದೇ ಕಡೆ ಬರುತ್ತದೆ, ಬೇರೆ ಅಂಗಕ್ಕೆ ಹರಡುವುದು ಅಪರೂಪ. ಅದು ಸುರಿಸುವ ಹಾರ್ಮೋನು ಇನ್ನೊಂದು ಅಂಡಾಶಯವನ್ನು ಮಲಗಿಸಿಬಿಡುತ್ತದೆ. ಕೆಲವರು ಗಂಡಿನಂತೆ ಆಡುತ್ತಾರೆ, ಕೆಲವರು ಬೆದೆಗೇ ಬರುವುದಿಲ್ಲ, ಕೆಲವರು ಸದಾ ಬೆದೆಯಲ್ಲೇ ಇರುತ್ತಾರೆ. ರಕ್ತದಲ್ಲಿ ಎಎಂಎಚ್ (ಆಂಟಿ-ಮುಲ್ಲೇರಿಯನ್ ಹಾರ್ಮೋನು), ಇನ್‌ಹಿಬಿನ್, ಟೆಸ್ಟೋಸ್ಟೆರೋನ್ ಎಂಬ ಹಾರ್ಮೋನುಗಳನ್ನು ಅಳೆದರೆ ಖಾತರಿಯಾಗುತ್ತದೆ. ಎಎಂಎಚ್ ಮಾಡಿಸಿ ಅಂತ ನೀವಾಗಿಯೇ ಕೇಳಿ.

ಅಂಡಾಶಯ ದೊಡ್ಡದಾಗಿದೆ ಅಂದಾಕ್ಷಣ ಆಪರೇಷನ್‌ಗೆ ಓಡಲೂಬೇಡಿ. ಅಂಡ ಬಿಟ್ಟ ಜಾಗದಲ್ಲಿ ರಕ್ತ ತುಂಬಿಕೊಂಡೂ ದೊಡ್ಡದಾಗುತ್ತದೆ. ಆಗ ಇನ್ನೊಂದು ಅಂಡಾಶಯ ಸಹಜವಾಗಿರುತ್ತದೆ, ಚಕ್ರವೂ ನಡೆಯುತ್ತಿರುತ್ತದೆ, ಕೆಲವು ವಾರಗಳಲ್ಲಿ ತಾನೇ ಕರಗುತ್ತದೆ. ಎರಡನೇ ಸ್ಕ್ಯಾನ್ ಮಾಡಿಸಿ. ಹಸುವಿಗೆ ಬರುವ ಅಂಡಾಶಯದ ಸಿಸ್ಟ್ (ನೀರುಗುಳ್ಳೆ) ಕುದುರೆಗೆ ಬರುವುದಿಲ್ಲ, ಹಸುವಿನ ಇಂಜೆಕ್ಷನ್ ಲೆಕ್ಕ ಇಲ್ಲಿ ಹಾಕಬೇಡಿ.

ಗೆಡ್ಡೆಯೇ ಆದರೆ ತೆಗೆಸುವುದೇ ದಾರಿ. ತುಂಗೆಗೆ ಒಂದು ದಿನಕ್ಕೂ ಹೆಚ್ಚು ಮೇವು ನಿಲ್ಲಿಸಿ, ಮಂಪರು ಕೊಟ್ಟು, ಪಕ್ಕೆ ಮರಗಟ್ಟಿಸಿ, ನಿಂತ ಹಾಗೆಯೇ ದುರ್ಬೀನಿನಿಂದ (ಲ್ಯಾಪರೋಸ್ಕೋಪಿ) ತೆಗೆದರು. ಧನುರ್ವಾಯು ಲಸಿಕೆ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮೊದಲ ಎರಡು ದಿನ ರಕ್ತಸ್ರಾವದ ಭಯ ಇರುತ್ತದೆ. ವಸಡು ಬಿಳಿಚಿದರೆ, ಬೆವರಿದರೆ, ಹೊಟ್ಟೆ ಕಡೆ ತಿರುತಿರುಗಿ ನೋಡಿದರೆ ರಾತ್ರಿ ಎರಡು ಗಂಟೆಯಾದರೂ ಡಾಕ್ಟರಿಗೆ ಫೋನ್ ಮಾಡಿ.

ಗಂಡಿನ ವರಸೆ ಕೆಲವು ವಾರಗಳಲ್ಲಿ ಇಳಿಯಿತು. ಮಲಗಿದ್ದ ಅಂಡಾಶಯ ಏಳಲು ಆರು ತಿಂಗಳಿಂದ ಒಂದು ವರ್ಷದವರೆಗೆ ಬೇಕಾಗಬಹುದು. ತುಂಗೆಯ ಮೊದಲ ಕೆಂಪು ಚುಕ್ಕಿ ಬಂದದ್ದು ಎಂಟನೇ ತಿಂಗಳಲ್ಲಿ.

ಜೀನಿನ ಭಯ ಮಾತ್ರ ಗೆಡ್ಡೆಯ ಜೊತೆ ಹೋಗಲಿಲ್ಲ. ಡಾಕ್ಟರು ಸವಾರಿಗೆ ಒಪ್ಪಿದ ಮೇಲೂ ಎರಡು ವಾರ ಬರೀ ಜೀನಿನ ಬಟ್ಟೆ ಹೊದಿಸಿ ಬೆಲ್ಲದ ಚೂರು ಕೊಟ್ಟೆ. ಆಮೇಲೆ ಜೀನು, ಪಟ್ಟಿ ಸಡಿಲವಾಗಿಯೇ. ದಿನಕ್ಕೊಂದು ತೂತಿನಷ್ಟು ಬಿಗಿ. ಕಿವಿ ಹಿಂದಕ್ಕೆ ಹೋದ ದಿನ ಅಲ್ಲಿಗೇ ನಿಲ್ಲಿಸಿ, ಮರುದಿನ ಒಂದು ತೂತು ಕಮ್ಮಿಯಿಂದ ಶುರು.