ಎರಡನೇ ಏಟು ಎಲ್ಲರಿಗೂ ಕಾಣುತ್ತದೆ: ಮೈದಾನದ ಜಗಳವನ್ನು ಮೊದಲೇ ತಡೆಯುವ ಬಗೆ

ಆಟಗಾರರು ಕೈ ಕೈ ಮಿಲಾಯಿಸಿದ ಮೇಲೆ ನಡೆಯುವ ವಿಚಾರಣೆಯೆಲ್ಲ ಕೊನೆಯ ಏಟಿನದ್ದೇ. ರೆಫರಿಗೆ ಕಂಡದ್ದು ಅದು, ಕ್ಯಾಮೆರಾಕ್ಕೆ ಸಿಕ್ಕಿದ್ದೂ ಅದು. 2006ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ 110ನೇ ನಿಮಿಷದಲ್ಲಿ ಫ್ರಾನ್ಸ್‌ನ ಜಿದಾನ್ ತಲೆಯಿಂದ ಇಟಲಿಯ ಮಟೆರಾಜ್ಜಿಯ ಎದೆಗೆ ಗುದ್ದಿದ್ದು ಜಗತ್ತಿಗೇ ಗೊತ್ತು. ಅದಕ್ಕೂ ಮುಂಚಿನ ಜರ್ಸಿ ಎಳೆತ, ಕುಟುಕು ಮಾತು ಎಷ್ಟು ಜನಕ್ಕೆ ನೆನಪಿದೆ? ಕೋಚ್, ಕ್ಯಾಪ್ಟನ್, ಸಂಘಟಕರು ಹಿಡಿಯಬೇಕಾದದ್ದು ಆ ಹಿಂದಿನ ಕೊಂಡಿಯನ್ನು.

ಮೊದಲು ಒಂದು ನೋಟ್‌ಬುಕ್ ಇಡಿ. ಸಹಾಯಕನೊಬ್ಬ ಪ್ರತಿ ಒರಟು ಫೌಲ್‌ಗೂ ನಾಲ್ಕು ಸಂಗತಿ ಬರೆಯಲಿ: ನಿಮಿಷ, ಸ್ಕೋರ್, ಯಾರು ಯಾರಿಗೆ, ಅದಕ್ಕೆ ಹಿಂದಿನ ಎರಡು ನಿಮಿಷದಲ್ಲಿ ಏನಾಗಿತ್ತು. ಐದಾರು ಪಂದ್ಯ ಮುಗಿಯುವ ಹೊತ್ತಿಗೆ ಒಂದು ಜಾಡು ಕಾಣತೊಡಗುತ್ತದೆ. ಒಬ್ಬ ಚೆಂಡು ಕಳೆದುಕೊಂಡಾಗಲೆಲ್ಲ ಕೆರಳುತ್ತಾನೆ. ಇನ್ನೊಬ್ಬ ತಂಡ ಸೋಲುತ್ತಿರುವಾಗ ಮಾತ್ರ.

ಆಮೇಲೆ ಸಿಟ್ಟಿನ ಏಟನ್ನೂ ಲೆಕ್ಕದ ಏಟನ್ನೂ ಬೇರೆ ಮಾಡಿ. ಎದುರಾಳಿಗೆ ನೋವಾಗಲಿ ಎಂದೇ ಕೊಟ್ಟದ್ದು ಸಿಟ್ಟಿನದು. ಒಳ್ಳೆಯ ಆಟಗಾರನನ್ನು ಹೆದರಿಸಿ ಆಟದಿಂದ ದೂರವಿಡಲು ಕೊಟ್ಟದ್ದು ಲೆಕ್ಕದ್ದು. ಇದನ್ನು ಮಾಡುವವನ ತಲೆ ತಣ್ಣಗೇ ಇರುತ್ತದೆ, ಅವನಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ಪ್ರಯೋಜನವಿಲ್ಲ. ಆ ಏಟು ತಂಡಕ್ಕೇ ದುಬಾರಿಯಾಗಬೇಕು. ‘ಅವನನ್ನು ಸ್ವಲ್ಪ ನೋಡ್ಕೋ’ ಎಂದು ಕಿವಿಯಲ್ಲಿ ಹೇಳಿದ್ದು ಕೋಚೇ ಆಗಿದ್ದರೆ ಶಿಕ್ಷೆ ಅಲ್ಲಿಂದಲೇ ಶುರುವಾಗಲಿ.

ಸಿಟ್ಟಿನದ್ದು ಹೆಚ್ಚು ಜಟಿಲ. ಹತಾಶೆಯೇ ಆಕ್ರಮಣಕ್ಕೆ ಮೂಲ ಎಂದು 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ವಾದಿಸಿದರು. ಮನಶ್ಶಾಸ್ತ್ರಜ್ಞ ಲಿಯೊನಾರ್ಡ್ ಬರ್ಕೋವಿಟ್ಜ್ ಮುಂದೆ ಅದನ್ನು ತಿದ್ದಿದರು: ಹತಾಶೆ ಮನಸ್ಸನ್ನು ಒಣಹುಲ್ಲಾಗಿಸುತ್ತದೆ, ಕಿಡಿ ಹಾರುವುದು ಸುತ್ತಲಿನ ಪ್ರಚೋದನೆಯಿಂದ. ಸೋಲನ್ನು ನೀವು ತಪ್ಪಿಸಲಾರಿರಿ, ಕಿಡಿಯನ್ನು ತಪ್ಪಿಸಬಹುದು. ಪಂದ್ಯಕ್ಕೆ ಮುಂಚಿನ ಮಾತಿನಲ್ಲಿ ‘ಸೇಡು’ ಎಂಬ ಪದವೇ ಬೇಡ. ಬೆಂಚಿನಿಂದ ರೆಫರಿಯ ಮೇಲೆ ಕೂಗಾಟ ಬೇಡ. ಕ್ಯಾಪ್ಟನ್ ಒಬ್ಬನೇ ಮಾತಾಡಲಿ.

ದೇಹದ್ದೂ ಒಂದು ಪಾಲಿದೆ. ಓಟದಿಂದ ಎದೆ ಹೊಡೆದುಕೊಳ್ಳುತ್ತಿರುವಾಗ ಕೆಣಕಿದರೆ, ಆ ಬಡಿತವೂ ಸಿಟ್ಟಿನ ಲೆಕ್ಕಕ್ಕೇ ಸೇರಿಬಿಡುತ್ತದೆ. ಅದಕ್ಕೇ ಫೌಲ್ ಆದ ಕೂಡಲೇ ಮುಖಾಮುಖಿ ನಿಲ್ಲಬಾರದು: ತಿರುಗಿ ಐದು ಹೆಜ್ಜೆ, ಮೂರು ಉಸಿರು, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. ಬಾಯಲ್ಲಿ ಹೇಳಿದರೆ ಇದು ಪಂದ್ಯದ ಬಿಸಿಯಲ್ಲಿ ನೆನಪಾಗದು. ಅಭ್ಯಾಸದ ಪಂದ್ಯದಲ್ಲಿ ಬೇಕೆಂದೇ ಎರಡು ಮೂರು ತಪ್ಪು ತೀರ್ಪು ಕೊಟ್ಟು ಮಾಡಿಸಿ. ‘ಚೀಲಕ್ಕೆ ಗುದ್ದಿ ಸಿಟ್ಟು ಹೊರಹಾಕು’ ಎಂಬ ಸಲಹೆಯನ್ನು ಮಾತ್ರ ಕೈಬಿಡಿ. ಕೆಣಕಿದವನನ್ನು ನೆನೆಯುತ್ತ ಗುದ್ದಿದವರ ಸಿಟ್ಟು ಏರಿತೇ ಹೊರತು ಇಳಿಯಲಿಲ್ಲ ಎಂದು ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿದೆ. ಆದರೂ ಕ್ರೀಡಾಲೋಕದಲ್ಲಿ ಈ ನಂಬಿಕೆ ಸಾಯುತ್ತಿಲ್ಲ.

ಮಕ್ಕಳ ತಂಡವಾದರೆ ದೊಡ್ಡವರ ಮೇಲೆ ಕಣ್ಣಿಡಿ. ಹಿರಿಯರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಹಾಗೇ ಹೊಡೆದದ್ದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲೇ ದಾಖಲಿಸಿದರು. ನೀರಿನ ಬಾಟಲಿಯನ್ನು ಒದೆಯುವ ಕೋಚ್ ಅದೇ ಪಾಠ ಮಾಡುತ್ತಿರುತ್ತಾನೆ. ಪೋಷಕರನ್ನು ಗೆರೆಯಿಂದ ದೂರ, ಬೆಂಚಿನ ಎದುರು ಬದಿಯಲ್ಲಿ ನಿಲ್ಲಿಸಿ.

ನಿಯಮ ಕಾಗದದ ಮೇಲಿರಲಿ, ಟೂರ್ನಿಗೆ ಮುಂಚೆಯೇ ಎಲ್ಲರ ಕೈ ಸೇರಲಿ. ರಗ್ಬಿಯಲ್ಲಿ ಹಳದಿ ಕಾರ್ಡ್ ಎಂದರೆ 10 ನಿಮಿಷ ಹೊರಗೆ. ಇದು ತಣಿಸುತ್ತದೆ, ತಂಡಕ್ಕೆ ಬೆಲೆಯನ್ನೂ ತೆರಿಸುತ್ತದೆ. ಜಗಳದ ಹೊತ್ತಲ್ಲಿ ಬೆಂಚು ಬಿಟ್ಟು ಒಳನುಗ್ಗಿದವನಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕನಿಷ್ಠ ಒಂದು ಪಂದ್ಯದ ನಿಷೇಧವಿದೆ. ಇಬ್ಬರ ಜಟಾಪಟಿ ಇಪ್ಪತ್ತು ಜನರದ್ದಾಗುವುದು ಬೆಂಚಿನಿಂದಲೇ, ಹಾಗಾಗಿ ಇದನ್ನು ಎರವಲು ಪಡೆಯಿರಿ.

ಪ್ರೇಕ್ಷಕರ ವಿಷಯದಲ್ಲಿ ‘ಗುಂಪಿಗೆ ಬುದ್ಧಿಯಿಲ್ಲ’ ಎಂದು ಕೈತೊಳೆದುಕೊಂಡರೆ ಕೆಲಸ ಕೆಡುತ್ತದೆ. ಎಲ್ಲರನ್ನೂ ಪುಂಡರಂತೆ ಕಂಡಾಗ ಸಾಧುಗಳೂ ಪುಂಡರ ಪಕ್ಷ ಸೇರುತ್ತಾರೆ. 2004ರ ಯೂರೋ ಕಪ್‌ನಲ್ಲಿ ಪೋರ್ಚುಗಲ್‌ನ ಆತಿಥೇಯ ನಗರಗಳ ಪೊಲೀಸರು ಸಾಮಾನ್ಯ ಸಮವಸ್ತ್ರದಲ್ಲಿ ಅಭಿಮಾನಿಗಳ ನಡುವೆ ಓಡಾಡಿ ಮಾತಾಡಿಸಿದರು, ಗಲಭೆ ನಿಗ್ರಹ ದಳವನ್ನು ಕಣ್ಣಿಗೆ ಬೀಳದಂತೆ ಇಟ್ಟರು. ಅಲ್ಲಿ ದೊಡ್ಡ ಗಲಾಟೆಯಾಗಲಿಲ್ಲ. ನಿಮ್ಮ ಸ್ವಯಂಸೇವಕರೂ ಪಂದ್ಯಕ್ಕೆ ಮುಂಚೆಯೇ ಎರಡೂ ಬದಿಯವರ ಪರಿಚಯ ಮಾಡಿಕೊಂಡಿರಲಿ, ಕಿತಾಪತಿ ಮಾಡಿದವನನ್ನಷ್ಟೇ ಹೊರಗೆ ಕರೆಯಲಿ.

ಇಷ್ಟಾದರೂ ಜಗಳವಾದರೆ ಇಬ್ಬರನ್ನೂ ಬೇರೆ ಬೇರೆ ದಾರಿಯಿಂದ ಕಳಿಸಿ. ಅಲ್ಲೇ ಕೈಕುಲುಕಿಸುವ ನಾಟಕ ಬೇಡ. ಮರುದಿನ ಒಬ್ಬೊಬ್ಬರನ್ನೇ ಕೂರಿಸಿ, ‘ಯಾಕೆ ಹೊಡೆದೆ’ ಎನ್ನದೆ ‘ಅದಕ್ಕೆ ಮುಂಚೆ ಏನಾಯ್ತು’ ಎಂದು ಕೇಳಿ, ಉತ್ತರವನ್ನು ನೋಟ್‌ಬುಕ್‌ನ ಸಾಲಿನ ಪಕ್ಕದಲ್ಲಿಟ್ಟು ನೋಡಿ.